ಬಾಣಂತಿಯ ಏದುಸಿರು

ಹೆರಿಗೆಯಾದ ಹನ್ನೆರಡನೇ ದಿನ ನನ್ನ ತಂಗಿಯ ಮಗಳಿಗೆ ಇದ್ದಕ್ಕಿದ್ದಂತೆ ಏದುಸಿರು ಬಂತು. ಬಾಣಂತಿಗೆ ನಿಶ್ಶಕ್ತಿ ಸಹಜವೆಂದರು ಹಿರಿಯರು. ಆದರೆ ಅವಳ ಎಡಗಾಲು ಊದಿದ್ದನ್ನು ಕಂಡಿದ್ದ ತಂಗಿ ಕೂಡಲೇ ಆಸ್ಪತ್ರೆಗೆ ಕರೆದೊಯ್ದಳು. ಸಿ.ಟಿ. ಸ್ಕ್ಯಾನ್‌ನಲ್ಲಿ ಕಾರಣ ತಿಳಿಯಿತು: ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತ ಹೃದಯವನ್ನು ದಾಟಿ ಶ್ವಾಸಕೋಶದಲ್ಲಿ ಸಿಕ್ಕಿಕೊಂಡಿತ್ತು. ಸಕಾಲದ ಚಿಕಿತ್ಸೆಯಿಂದ ಬದುಕಿದಳು, ಅಲ್‌ಹಮ್ದುಲಿಲ್ಲಾಹ್.

ಹೆರಿಗೆಯ ನಂತರದ 6 ವಾರ ರಕ್ತ ಬೇಗ ಹೆಪ್ಪುಗಟ್ಟುತ್ತದೆ. ಸಿಸೇರಿಯನ್, ಬೊಜ್ಜು, ಸದಾ ಮಲಗಿರುವುದು ಅಪಾಯವನ್ನು ಹೆಚ್ಚಿಸುತ್ತವೆ. ನಿಫಾಸ್‌ನ ದಿನಗಳಲ್ಲಿ ನಮಾಝ್‌ನಿಂದ ವಿನಾಯಿತಿಯಿದೆ. ನಡೆದಾಡಬಾರದೆಂದು ಶರೀಅತ್ ಹೇಳಿಲ್ಲ.

ಹಠಾತ್ ಏದುಸಿರು, ಎದೆನೋವು, ಒಂದೇ ಕಾಲಿನ ಊತ ಕಂಡರೆ ಓದಿ ಊದಿದ ನೀರಿಗಾಗಿ ಕಾಯಬೇಡಿ. ಆಸ್ಪತ್ರೆಯ ದಾರಿಯಲ್ಲೂ ದುಆ ಮಾಡಬಹುದು.