ಹಿಡಿಯೂ ಉಂಟು, ಮೋಟರೂ ಉಂಟು

ನಮ್ಮ ಮನೆಯಲ್ಲಿ ಬೆಳಗಿನ ಕಾಫಿಬೀಜವನ್ನು ಕೈಯಲ್ಲಿ ಬೀಸುತ್ತೇವೆ, ಸಂಜೆಯದನ್ನು ಮೋಟರಿನಲ್ಲಿ. ಎರಡಕ್ಕೂ ಯಂತ್ರ ಒಂದೇ.

ಕೋಲಾರ ಜಿಲ್ಲೆಯ ನಮ್ಮ ನರಸಾಪುರದಲ್ಲಿ ಈಗ ಕೋಳಿಗಿಂತ ಮುಂಚೆ ಕಂಪನಿ ಬಸ್ಸು ಕೂಗುತ್ತದೆ. 2013ರಲ್ಲಿ ಹೋಂಡಾದವರ ಸ್ಕೂಟರ್ ಕಾರ್ಖಾನೆ ಶುರುವಾಯಿತು, ಆಮೇಲೆ ಫೋನು ಜೋಡಿಸುವ ಕಾರ್ಖಾನೆಯೂ ಬಂತು. ನನ್ನ ಮಗಳು ಇಂಥದೇ ಒಂದು ಕಡೆ ಮೊದಲ ಶಿಫ್ಟಿಗೆ ಹೋಗುತ್ತಾಳೆ. ಅವಳು ಹೊರಡುವ ಮುಂಚೆ ಒಂದು ಲೋಟ ಕಾಫಿ ಕೊಡುವುದು ನನ್ನ ಪಾಲಿನ ಕೆಲಸ. ನಾಲ್ಕೂವರೆಗೆ ಎದ್ದು, ಅಡುಗೆಮನೆಯ ದೀಪವೊಂದನ್ನೇ ಹಾಕಿಕೊಂಡು, ಯಂತ್ರವನ್ನು ಎಡಗೈಯಲ್ಲಿ ಅವುಚಿ ಹಿಡಿಯುತ್ತೇನೆ. ನಡುಮನೆಯಲ್ಲಿ ಅಮ್ಮ ಮಲಗಿರುತ್ತಾರೆ. ಮೋಟರು ಹಾಕಿದರೆ ಅದರ ಗುಂಯ್ ಎನ್ನುವ ಸದ್ದು ಗೋಡೆಗೆಲ್ಲ ಹತ್ತುತ್ತದೆ. ಕೈಯಲ್ಲಿ ಬೀಸಿದರೆ ಕರಕರ ಎಂದು ಅಲ್ಲಲ್ಲೇ ಮುಗಿಯುತ್ತದೆ.

ಯಂತ್ರ ಕೊಂಡದ್ದೂ ಮಗಳೇ. ಗೇಣುದ್ದದ ಉಕ್ಕಿನ ಕೊಳವೆ. ಮೇಲೆ ಬೀಜ ತುಂಬುವ ಜಾಗ, ನಡುವೆ ಅರೆಯುವ ಉಕ್ಕಿನ ಹಲ್ಲು, ಕೆಳಗೆ ಪುಡಿ ಬೀಳುವ ಬಟ್ಟಲು. ನಡುವಿನ ದಂಡದ ತುದಿ ಆರು ಮೂಲೆಯದು. ಆ ತುದಿಗೆ ಮರದ ಗುಂಡಿನ ಹಿಡಿ ಕೂರಿಸಿದರೆ ಕೈಯಂತ್ರ. ಹಿಡಿ ತೆಗೆದು ಬ್ಯಾಟರಿ ಇರುವ ಮೋಟರಿನ ತಲೆ ಕೂರಿಸಿ ಗುಂಡಿ ಒತ್ತಿದರೆ ಸಾಕು. ಇಪ್ಪತ್ತು ಗ್ರಾಂ ಬೀಜಕ್ಕೆ ಮೋಟರಿನಲ್ಲಿ ಒಂದು ನಿಮಿಷ, ನನ್ನ ಕೈಯಲ್ಲಿ ಎರಡು.

ಅದಕ್ಕೆ ಮುಂಚೆ ನಾವು ಮಿಕ್ಸಿಯ ಸಣ್ಣ ಜಾರಿನಲ್ಲಿ ಪುಡಿ ಮಾಡುತ್ತಿದ್ದೆವು. ಮಿಕ್ಸಿಯ ಬ್ಲೇಡು ಸಿಕ್ಕಿದ್ದನ್ನು ಕೊಚ್ಚುತ್ತದೆ. ಅರ್ಧ ಧೂಳು, ಅರ್ಧ ತರಿ. ಹಲ್ಲಿನ ಯಂತ್ರದಲ್ಲಿ ಎರಡು ಹಲ್ಲುಗಳ ನಡುವಿನ ಸಂದು ಎಷ್ಟೋ ಕಾಳೂ ಹೆಚ್ಚುಕಡಿಮೆ ಅಷ್ಟೇ. ನಮ್ಮ ಹಿತ್ತಾಳೆ ಫಿಲ್ಟರಿಗೆ ಈ ಅಳತೆ ತೀರ ಮುಖ್ಯ. ಪುಡಿ ಅತಿ ನುಣುಪಾದರೆ ನೀರು ಮೇಲೇ ನಿಂತು ಡಿಕಾಕ್ಷನ್ ಇಳಿಯುವುದಿಲ್ಲ. ತರಿಯಾದರೆ ಹುಯ್ದ ನೀರು ಹುಯ್ದ ಹಾಗೇ ಕೆಳಗೆ ಬಂದು, ಬಣ್ಣದ ನೀರು ಕುಡಿದಂತಾಗುತ್ತದೆ. ಚಿಕೋರಿ ಬೆರೆಸುವವರು ಇನ್ನೂ ಸ್ವಲ್ಪ ತರಿಯಾಗಿಟ್ಟುಕೊಳ್ಳಬೇಕು, ಏಕೆಂದರೆ ಚಿಕೋರಿ ನೀರು ಕುಡಿದು ಪುಡಿಯನ್ನು ಬಿಗಿಹಿಡಿಯುತ್ತದೆ. ಯಂತ್ರದ ಸಂದು ಹೊಂದಿಸುವ ಬಿಲ್ಲೆಯನ್ನು ಪೂರ್ತಿ ಬಿಗಿಮಾಡಿ, ಅಲ್ಲಿಂದ 14 ಟಿಕ್ ಸಡಿಲಿಸಿದರೆ ನಮ್ಮ ಫಿಲ್ಟರಿಗೆ ಸರಿ. ಆ ಸಂಖ್ಯೆ ಕಂಡುಹಿಡಿಯುವುದಕ್ಕೆ ನನಗೆ ಎರಡು ವಾರ ಬೇಕಾಯಿತು. ಅಷ್ಟು ದಿನವೂ ಮಗಳು ಕೊಟ್ಟದ್ದನ್ನು ಕುಡಿದು ಸುಮ್ಮನೆ ಹೋದಳು, ಅದನ್ನು ನಾನು ಮರೆಯುವುದಿಲ್ಲ.

ಕೈಯಲ್ಲಿ ಬೀಸುವವನಿಗೆ ಬೀಜದ ಗುಣ ತೋಳಿಗೇ ತಿಳಿಯುತ್ತದೆ. ಕಪ್ಪಗೆ ಹುರಿದದ್ದು ಹುರಿಗಾಳಿನಂತೆ ಸಲೀಸಾಗಿ ಮುರಿಯುತ್ತದೆ. ಎಳೆಯದಾಗಿ ಹುರಿದದ್ದು ಹಟ ಹಿಡಿಯುತ್ತದೆ, ಭುಜದವರೆಗೂ ನೋಯಿಸುತ್ತದೆ. ಒಂದು ಹಣ್ಣಿನೊಳಗೆ ಎರಡರ ಬದಲು ಒಂದೇ ಬೀಜ ಬೆಳೆದು ದುಂಡಗಾದದ್ದು ಪೀಬರಿ. ಅದು ಮೊದಲೆರಡು ಸುತ್ತು ಹಲ್ಲಿಗೆ ಸಿಗದೆ ಉರುಳಾಡುತ್ತದೆ. ಬಾಬಾಬುಡನ್ ಮೋಕಾದಿಂದ ಏಳು ಬೀಜ ತಂದು ಚಿಕ್ಕಮಗಳೂರಿನ ಗಿರಿಯಲ್ಲಿ ಬಿತ್ತಿದ ಕಥೆ ಎಲ್ಲರಿಗೂ ಗೊತ್ತು. ಆ ಗಿರಿಗೂ ನಮ್ಮ ಕೆಮ್ಮಣ್ಣಿನ ಸೀಮೆಗೂ ಬಹಳ ದೂರ. ಇಲ್ಲಿ ಬೆಳೆಯುವುದು ರಾಗಿ, ಟೊಮೆಟೊ, ಹಿಪ್ಪುನೇರಳೆ. ಆದರೆ ಕಾಫಿಯ ಲೋಟದಲ್ಲಿ ಅರ್ಧ ನಮ್ಮದೇ ಇದೆ. ಕೋಲಾರದ ಎಂ.ವಿ. ಕೃಷ್ಣಪ್ಪನವರು ಸೀಮೆಹಸು ತರಿಸಿದ ಮಾತನ್ನು ಈಗಲೂ ಡೇರಿಯ ಮುಂದೆ ಕ್ಯಾನು ಹಿಡಿದು ನಿಂತ ಹಿರಿಯರು ಆಡುತ್ತಾರೆ. ಆ ಹಾಲಿಲ್ಲದೆ ಯಾವ ಗಿರಿಯ ಬೀಜವೂ ನಮಗೆ ಕಾಫಿಯಾಗುವುದಿಲ್ಲ.

ಹೀಗೆ ಕೈಯ ಸುಖವನ್ನು ನಾನು ಹೊಗಳುವಾಗಲೆಲ್ಲ ಅಮ್ಮ ಒಪ್ಪುವುದಿಲ್ಲ. ಅವರಿಗೆ ಮೋಟರೇ ಇಷ್ಟ. ಸಂಜೆಯ ಕಾಫಿ ಅವರದು. ಬೀಜ ಹುಯ್ದು, ಮೋಟರಿನ ತಲೆ ಕೂರಿಸಿ, ಗುಂಡಿ ಒತ್ತಿ, ಅದು ತನ್ನಷ್ಟಕ್ಕೆ ತಿರುಗುವುದನ್ನು ಕೈಕಟ್ಟಿ ನೋಡುತ್ತ ನಿಲ್ಲುತ್ತಾರೆ. ಆಗಿನ ಅವರ ಮುಖ ನೋಡಬೇಕು.

ಅಮ್ಮ ಹುಟ್ಟಿದ್ದು ಶ್ರೀನಿವಾಸಪುರದ ಕಡೆಯ ಹಳ್ಳಿಯಲ್ಲಿ. ಏಳು ವರ್ಷಕ್ಕೇ ರಾಗಿಕಲ್ಲಿನ ಮುಂದೆ ಕೂತವರು. ಎದುರಿಗೆ ಅಜ್ಜಿ, ಇತ್ತ ಇವರು, ನಡುವೆ ಕಲ್ಲು. ಒಂದೇ ಗೂಟಕ್ಕೆ ಇಬ್ಬರ ಕೈ. ಬೆಳಕು ಹರಿಯುವುದರೊಳಗೆ ಆ ದಿನದ ಮುದ್ದೆಗೆ ಹಿಟ್ಟಾಗಬೇಕು. ಬೀಸುವ ಪದಗಳನ್ನು ಪುಸ್ತಕದಲ್ಲಿ ಓದಿ ಮೆಚ್ಚಿಕೊಂಡಿದ್ದ ನಾನು ಒಮ್ಮೆ ಕೇಳಿದೆ, ನೀವೂ ಹಾಡ್ತಿದ್ರಾ ಎಂದು. "ಹಾಡ್ದೆ ಇನ್ನೇನು? ನಿದ್ದೆ ಬರಬಾರದು ಅಂತ ಹಾಡ್ತಿದ್ವಿ" ಎಂದರು. ಆ ಮಾತು ಕೇಳಿದ ಮೇಲೆ ಆ ಪದಗಳು ನನಗೆ ಬೇರೆಯಾಗಿಯೇ ಕೇಳಿಸುತ್ತವೆ.

ಅಮ್ಮನನ್ನು ಆ ಕಲ್ಲಿನಿಂದ ಬಿಡಿಸಿದ್ದು ಕರೆಂಟು, ಅದೂ ತಡವಾಗಿ. ಶಿವನಸಮುದ್ರದಲ್ಲಿ ಕಾವೇರಿಯಿಂದ ತೆಗೆದ ವಿದ್ಯುತ್ತು 1902ರಲ್ಲಿ ಸುಮಾರು 147 ಕಿಲೋಮೀಟರ್ ತಂತಿಯ ಮೇಲೆ ಬಂದು ಕೋಲಾರದ ಚಿನ್ನದ ಗಣಿ ಮುಟ್ಟಿತು. ಬೆಂಗಳೂರಿಗೆ ದೀಪ ಬಂದದ್ದೇ ಅದಾಗಿ ಮೂರು ವರ್ಷಕ್ಕೆ, 1905ರಲ್ಲಿ. ನಮ್ಮ ಜಿಲ್ಲೆಯಲ್ಲಿ ಚಿನ್ನದ ಬಂಡೆ ಅರೆಯುವುದಕ್ಕೆ ಕರೆಂಟು ಅಷ್ಟು ಬೇಗ ಬಂತು. ಅಮ್ಮನ ಊರಿನಲ್ಲಿ ರಾಗಿ ಅರೆಯುವುದಕ್ಕೆ ಬಂದದ್ದು ಅವರಿಗೆ ಹನ್ನೆರಡು ತುಂಬಿದ ಮೇಲೆ, 1960ರ ದಶಕದಲ್ಲಿ. ಗಣಿಗೂ ಅವರ ಕಲ್ಲಿಗೂ ನಡುವೆ ಅರವತ್ತು ವರ್ಷ. "ಮಿಷನ್ ಬಂದ ಮೇಲೇನೇ ಕಣಪ್ಪ, ನಾನು ಸ್ಕೂಲಲ್ಲಿ ತೂಕಡಿಸದೆ ಕೂತಿದ್ದು" ಎನ್ನುತ್ತಾರೆ ಅಮ್ಮ. ಇದಕ್ಕೆ ಎದುರು ಹೇಳುವ ಮಾತು ನನ್ನಲ್ಲಿಲ್ಲ. ನಾನು ಬೆಳಗ್ಗೆ ಎರಡು ನಿಮಿಷ ಹಿಡಿ ತಿರುಗಿಸಿ ಸುಖಪಡುತ್ತೇನೆ, ಯಾಕೆಂದರೆ ಬೇಡವೆಂದರೆ ಪಕ್ಕದಲ್ಲೇ ಮೋಟರಿದೆ. ಅಮ್ಮನ ಬಾಲ್ಯದ ಕಲ್ಲಿಗೆ ಬೇಡ ಎನ್ನುವ ದಾರಿಯೇ ಇರಲಿಲ್ಲ. ಬೇಕಾದಾಗ ಮಾಡಬಹುದು, ಬೇಡವಾದಾಗ ಬಿಡಬಹುದು ಎಂದಾದ ಮೇಲೆ ತಾನೆ ಕೈಕೆಲಸದಲ್ಲಿ ಸುಖ? ಈ ಯಂತ್ರವನ್ನು ನಾನು ಮೆಚ್ಚುವುದು ಇದೊಂದಕ್ಕೆ.

ಕೊರತೆಗಳೂ ಇವೆ. ಒಂದು ಸಲಕ್ಕೆ ಇಪ್ಪತ್ತೈದು ಗ್ರಾಂ ಮೀರಿ ಹಿಡಿಯುವುದಿಲ್ಲ. ನೆಂಟರು ಬಂದರೆ ಎರಡು ಸಲ ತುಂಬಬೇಕು. ಚಳಿಗಾಲದ ಒಣಹವೆಯಲ್ಲಿ ಪುಡಿ ಬಟ್ಟಲಿಗೆ ಅಂಟಿಕೊಂಡು ಹಾರಾಡುತ್ತದೆ. ಬೀಜಕ್ಕೆ ಒಂದೇ ಒಂದು ಹನಿ ನೀರು ಸವರಿದರೆ ನಿಲ್ಲುತ್ತದೆ. ಹಲ್ಲನ್ನು ನೀರಿನಲ್ಲಿ ತೊಳೆಯುವಂತಿಲ್ಲ, ಬ್ರಷ್ಷಿನಲ್ಲೇ ಒರೆಸಬೇಕು. ಮೋಟರಿನ ತಲೆ ಭಾರ, ಯಂತ್ರವನ್ನು ಹಿಡಿದುಕೊಳ್ಳದಿದ್ದರೆ ವಾಲುತ್ತದೆ. ಚಾರ್ಜು ಮುಗಿಯುವುದನ್ನು ಮೊದಲೇ ತಿಳಿಸುವುದೂ ಇಲ್ಲ.

ಹೋದ ತಿಂಗಳು ಒಂದು ಸಂಜೆ ಅದೇ ಆಯಿತು. ಬೀಜ ಅರ್ಧ ಇಳಿದಿತ್ತು, ಮೋಟರು ನಿಂತುಹೋಯಿತು. ಹಾಲು ಒಲೆಯ ಮೇಲಿತ್ತು. ಅಮ್ಮ ನನ್ನ ಕಡೆ ನೋಡದೆಯೇ ಕೈ ಚಾಚಿ "ಹಿಡಿ ಕೊಡು" ಎಂದರು. ನೆಲಕ್ಕೆ ಕೂತು, ಯಂತ್ರವನ್ನು ಎರಡು ಪಾದದ ನಡುವೆ ಸಿಕ್ಕಿಸಿಕೊಂಡು ತಿರುಗಿಸಿದರು. ಮೊದಲು ತಮ್ಮ ಹಳೆಯ ರೂಢಿಯಂತೆ ಎಡಕ್ಕೆ, ಬೀಜ ಇಳಿಯಲಿಲ್ಲ. ಆಮೇಲೆ ಬಲಕ್ಕೆ. ನಾನು ತಿರುಗಿಸುವಾಗ ಹಿಡಿ ಎಳೆದೆಳೆದು ಹೋಗುತ್ತದೆ. ಅವರ ಕೈಯಲ್ಲಿ ಸುತ್ತಿಗೆ ಸುತ್ತು ಅಂಟಿಕೊಂಡು ಬಂತು.

ಹತ್ತು ಸುತ್ತು ಆಗಿರಬೇಕು. ತಟ್ಟನೆ ನಿಲ್ಲಿಸಿದರು. "ಕಲ್ಲಿದೆ."

ಬೀಜವೆಲ್ಲ ತಟ್ಟೆಗೆ ಸುರಿದೆ. ಬೆರಳಲ್ಲಿ ಹರಡಿ, ಕನ್ನಡಕವಿಲ್ಲದೆ ಅಮ್ಮನೇ ಹುಡುಕಿದರು. ಬೀಜದ ಬಣ್ಣಕ್ಕೇ ತಿರುಗಿದ್ದ, ಹೆಸರುಕಾಳಿನಷ್ಟು ಕಲ್ಲು. ಬೀಜ ಒಣಗಿಸಿದ ಯಾವುದೋ ಕಣದಿಂದ ಜೊತೆಗೇ ಬಂದದ್ದು. ಹಲ್ಲಿನ ಅಂಚಿಗೆ ತಗುಲಿತ್ತು, ಇನ್ನೂ ಕಚ್ಚಿರಲಿಲ್ಲ. ಮೋಟರು ತಿರುಗುತ್ತಿದ್ದರೆ ಉಕ್ಕಿನ ಹಲ್ಲು ಮುಕ್ಕಾಗುತ್ತಿತ್ತು. ಐದು ವರ್ಷ ರಾಗಿಕಲ್ಲಿಗೆ ಕೊಟ್ಟ ಕೈ ಅರವತ್ತು ವರ್ಷ ಕಳೆದರೂ ಕಲ್ಲಿನ ಗುರುತು ಮರೆತಿರಲಿಲ್ಲ.

ಅಮ್ಮ ಆ ಕಲ್ಲನ್ನು ನನ್ನ ಅಂಗೈಗೆ ಹಾಕಿದರು. ಬೀಜವನ್ನು ಮತ್ತೆ ತುಂಬಿ, ಹಿಡಿಯನ್ನು ನನ್ನ ಕಡೆಗೆ ತಿರುಗಿಸಿ, ಸೊಂಟಕ್ಕೆ ಕೈಕೊಟ್ಟು ಎದ್ದರು.

"ಮಿಕ್ಕಿದ್ದು ನೀನು ಬೀಸು" ಎಂದರು. "ನಾನು ಮೋಟರು ಚಾರ್ಜಿಗೆ ಹಾಕಿ ಬರ್ತೀನಿ."