ಒಂದೇ ಪ್ರತಿ

ತೆಗೆದ ಕೂಡಲೇ ಚಿತ್ರವನ್ನು ಕೈಗಿಡುವ ಕ್ಯಾಮೆರಾವೊಂದು ನಮ್ಮ ಮನೆಗೆ ಬಂದು ಕೆಲವು ವರ್ಷಗಳಾದವು. ಫ್ಯೂಜಿಯವರ ಇನ್‌ಸ್ಟ್ಯಾಕ್ಸ್ ಮಿನಿ. ನೋಡಲು ಮಕ್ಕಳ ಆಟಿಕೆಯಂತಿದೆ. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ನಮ್ಮ ಮನೆಯ ಹುಡುಗಿ ತಂದು ಇಟ್ಟು ಹೋದದ್ದು. ಎಲ್ಲರ ಜೇಬಿನಲ್ಲೂ ಮೊಬೈಲ್ ಇರುವಾಗ ಇದೇಕೆ ಎಂದು ಮಂಚೇನಹಳ್ಳಿಯ ನಮ್ಮ ಬೀದಿಯಲ್ಲಿ ಕೇಳದವರಿಲ್ಲ. ಪ್ರಶ್ನೆ ನ್ಯಾಯವಾದದ್ದೇ.

ಮೊದಲನೆಯದಾಗಿ ಖರ್ಚು. ಫಿಲ್ಮ್ ಪ್ಯಾಕಿನಲ್ಲಿರುವುದು ಹತ್ತೇ ಹಾಳೆ, ಒಂದು ಚಿತ್ರಕ್ಕೆ ಐವತ್ತು ರೂಪಾಯಿಗೂ ಮೇಲೆ ಬೀಳುತ್ತದೆ. ಮಗು ಕಣ್ಣು ಮುಚ್ಚಿದರೂ ಅಷ್ಟೇ ದುಡ್ಡು, ತೆರೆದರೂ ಅಷ್ಟೇ. ನಾವು ಬೆಂಗಳೂರಿನಿಂದ ಬರುವವರ ಕೈಲಿ ಫಿಲ್ಮ್ ತರಿಸಬೇಕು. ಇಷ್ಟು ಮಾಡಿ ಸಿಗುವ ಚಿತ್ರದ ಅಳತೆ 62 ಮಿಲಿಮೀಟರಿಗೆ 46. ಹತ್ತಿರ ನಿಂತವರ ಬಿಳಿ ಕುರ್ತಾ ಫ್ಲ್ಯಾಶಿನ ಬೆಳಕಿಗೆ ಸುಣ್ಣ ಬಳಿದ ಗೋಡೆಯಂತಾಗುತ್ತದೆ, ಹಿಂದೆ ನಿಂತವರು ಕತ್ತಲಲ್ಲಿ ಕರಗುತ್ತಾರೆ. ಬಿಸಿಲೂ ಇದಕ್ಕೆ ಆಗದು. ಗೌರಿಬಿದನೂರು ಕಡೆಯ ಏಪ್ರಿಲ್ ತಿಂಗಳಲ್ಲಿ ಫಿಲ್ಮನ್ನು ಕಾರಿನೊಳಗೆ ಮರೆತರೆ ಬಣ್ಣ ಕೆಡುತ್ತದೆ.

ಆದರೂ ಇದರ ಒಳಗಿನ ಕೆಲಸ ಸೋಜಿಗದ್ದು. ಪ್ರತಿಯೊಂದು ಹಾಳೆಯೂ ಒಂದು ಪುಟ್ಟ ಕತ್ತಲಕೋಣೆ. ಕೆಳಗಿನ ದಪ್ಪ ಬಿಳಿ ಅಂಚಿನೊಳಗೆ ರಾಸಾಯನಿಕದ ಚಿಕ್ಕ ಚೀಲವಿರುತ್ತದೆ. ಹಾಳೆ ಹೊರಬರುವಾಗ ಎರಡು ಉರುಳೆಗಳು ಕಬ್ಬಿನ ಗಾಣದಂತೆ ಅದನ್ನು ಹಿಂಡಿ ಹಾಳೆಯ ತುಂಬ ಹರಡುತ್ತವೆ, ಕೆಲವು ನಿಮಿಷಗಳಲ್ಲಿ ಮುಖ ಮೂಡುತ್ತದೆ. ಇದಕ್ಕೆಲ್ಲ ಮೂಲ ಅಮೆರಿಕದ ಎಡ್ವಿನ್ ಲ್ಯಾಂಡ್. ತೆಗೆದ ಚಿತ್ರವನ್ನು ಈಗಲೇ ಏಕೆ ನೋಡಬಾರದು ಎಂದು 1943ರಲ್ಲಿ ಅವರ ಪುಟ್ಟ ಮಗಳು ಕೇಳಿದಳಂತೆ. 1948ರಲ್ಲಿ ಅವರ ಪೋಲರಾಯ್ಡ್ ಕ್ಯಾಮೆರಾ ಬಾಸ್ಟನ್ನಿನ ಅಂಗಡಿಯೊಂದರಲ್ಲಿ ಮಾರಾಟಕ್ಕೆ ಬಂತು. ಡಿಜಿಟಲ್ ಬಂದ ಮೇಲೆ ಆ ಕಂಪೆನಿ 2008ರಲ್ಲಿ ಫಿಲ್ಮ್ ತಯಾರಿಕೆಯನ್ನೇ ನಿಲ್ಲಿಸುವುದಾಗಿ ಸಾರಿತು. ನೆದರ್ಲೆಂಡ್ಸಿನಲ್ಲಿದ್ದ ಅದರ ಹಳೆಯ ಕಾರ್ಖಾನೆಯನ್ನು ಕೆಲವರು ಉಳಿಸಿಕೊಂಡು ಮತ್ತೆ ಫಿಲ್ಮ್ ತಯಾರಿಸಿದರು. ಸತ್ತಿತು ಎಂದುಕೊಂಡ ವಸ್ತು ಹೀಗೆ ಬದುಕಿತು.

ನಮಗೆ ಮುಖ್ಯವಾದ ಸಂಗತಿ ಬೇರೆ. ಈ ಚಿತ್ರಕ್ಕೆ ಮತ್ತೆ ಪ್ರಿಂಟ್ ಹಾಕುವಂಥ ನೆಗೆಟಿವ್ ಇಲ್ಲ. ಇರುವುದು ಒಂದೇ ಪ್ರತಿ.

ರೀಲು ಹಾಕುತ್ತಿದ್ದ ಕಾಲದಲ್ಲಿ ಹೀಗಿರಲಿಲ್ಲ. ಫೋಟೋ ನಮ್ಮ ಕೈಗೆ ಬಂದರೂ ನೆಗೆಟಿವ್ ಎಷ್ಟೋ ಬಾರಿ ಸ್ಟುಡಿಯೋದವರ ಬಳಿಯೇ ಉಳಿಯುತ್ತಿತ್ತು. ನಮ್ಮ ಸಂಬಂಧದ ಹುಡುಗಿಯೊಬ್ಬಳ ಮದುವೆಯ ಫೋಟೋವನ್ನು ಸ್ಟುಡಿಯೋದವರೊಬ್ಬರು ಯಾರನ್ನೂ ಕೇಳದೆ ದೊಡ್ಡದು ಮಾಡಿ ಗಾಜಿನ ಕಪಾಟಿನಲ್ಲಿ ನಿಲ್ಲಿಸಿದ್ದರು. ಚೆನ್ನಾಗಿ ಬಂದಿದೆಯಲ್ಲ ಎಂಬುದು ಅವರ ಸಮಾಧಾನ. ಆ ಗಾಜಿನ ಕಪಾಟು ಈಗ ಲೋಕದಷ್ಟು ದೊಡ್ಡದಾಗಿದೆ. 2021ರ ಜುಲೈಯಲ್ಲಿ 'ಸುಲ್ಲಿ ಡೀಲ್ಸ್', 2022ರ ಜನವರಿಯಲ್ಲಿ 'ಬುಲ್ಲಿ ಬಾಯಿ' ಎಂಬ ಆ್ಯಪ್‌ಗಳು ಮುಸ್ಲಿಂ ಮಹಿಳೆಯರ ಚಿತ್ರಗಳನ್ನು ಜಾಲತಾಣಗಳಿಂದ ಎತ್ತಿಕೊಂಡು 'ಹರಾಜಿ'ಗಿಟ್ಟವು. ಅವರಲ್ಲಿ ಪತ್ರಕರ್ತೆಯರಿದ್ದರು, ಹೋರಾಟಗಾರ್ತಿಯರಿದ್ದರು. ಎರಡನೆಯ ಪ್ರಕರಣದಲ್ಲಿ ಬೆಂಗಳೂರಿನ ಇಂಜಿನಿಯರಿಂಗ್ ವಿದ್ಯಾರ್ಥಿಯೊಬ್ಬನ ಬಂಧನವಾಯಿತು. ಹೆಣ್ಣುಮಕ್ಕಳು ಫೋಟೋ ಹಾಕಿದ್ದೇ ತಪ್ಪೆಂದು ಆಗ ನಮ್ಮಲ್ಲೇ ಕೆಲವರು ಉಪದೇಶ ಮಾಡಿದರು. ಕದ್ದವನನ್ನು ಬಿಟ್ಟು ಕಳೆದುಕೊಂಡವಳನ್ನು ಬೈಯುವ ಈ ಚಾಳಿ ಎಂದು ಹೋಗುವುದೋ!

ಒಂದೇ ಪ್ರತಿ ಕೊಡುವ ಯಂತ್ರವಾದ್ದರಿಂದ ಇದು ಸಾಧುವೆಂದೂ ತಿಳಿಯಬೇಕಾಗಿಲ್ಲ. ದಕ್ಷಿಣ ಆಫ್ರಿಕದಲ್ಲಿ ಕರಿಯರು ಸದಾ ಜೊತೆಗಿಟ್ಟುಕೊಳ್ಳಬೇಕಿದ್ದ ಪಾಸ್‌ಬುಕ್ಕುಗಳ ಫೋಟೋಗಳಿಗೆ ಪೋಲರಾಯ್ಡ್ ಬಳಕೆಯಾಗುತ್ತಿತ್ತು. 1970ರಲ್ಲಿ ಇದನ್ನು ಬಯಲಿಗೆಳೆದು ಚಳವಳಿ ಹೂಡಿದವರು ಅದೇ ಕಂಪೆನಿಯ ಇಬ್ಬರು ಕರಿಯ ನೌಕರರು, ಕ್ಯಾರೊಲಿನ್ ಹಂಟರ್ ಮತ್ತು ಕೆನ್ ವಿಲಿಯಮ್ಸ್. ಕಂಪೆನಿ ಆ ದೇಶದಿಂದ ಕಾಲ್ತೆಗೆದದ್ದು 1977ರಲ್ಲಿ. ಚಿತ್ರ ಎಷ್ಟು ಬೇಗ ಬರುತ್ತದೆ ಎನ್ನುವುದಕ್ಕಿಂತ ಅದು ಯಾರ ಕೈಗೆ ಹೋಗುತ್ತದೆ ಎನ್ನುವುದನ್ನೇ ನೋಡಬೇಕು.

ನಮ್ಮ ಬೀದಿಯಲ್ಲಿ ಎಲ್ಲರೂ ಖಾಲಾ ಎಂದೇ ಕರೆಯುತ್ತಿದ್ದ ವೃದ್ಧೆಯೊಬ್ಬರಿದ್ದರು. ಮತದಾರರ ಚೀಟಿ, ಆಧಾರ್ ಇಂಥವುಗಳಿಗಲ್ಲದೆ ಫೋಟೋಕ್ಕೆ ಮುಖ ಕೊಟ್ಟವರಲ್ಲ. ಫೋಟೋ ತೆಗೆಸಬಹುದೇ ಕೂಡದೇ ಎಂಬ ಹಿರಿಯರ ಚರ್ಚೆ ಹಜ್‌ಗೂ ಪಾಸ್‌ಪೋರ್ಟ್ ಬೇಕಾದ ಮೇಲೆ ನಮ್ಮ ಕಡೆ ತಣ್ಣಗಾಗಿತ್ತು. ಖಾಲಾರ ಅಳುಕು ಅದಲ್ಲ. ಈದ್ ದಿನ ನಮ್ಮ ಕ್ಯಾಮೆರಾ ನೋಡಿ ಅವರು ಕೇಳಿದ್ದು ಒಂದೇ ಮಾತು:

"ಇದರ ಇನ್ನೊಂದು ಯಾರ ಹತ್ತಿರ ಇರ್ತದೆ?"

"ಯಾರ ಹತ್ತಿರಾನೂ ಇರಲ್ಲ ಖಾಲಾ."

"ಹಂಗಾದ್ರೆ ತೆಗಿ."

ಸೆರಗನ್ನು ತಲೆಯ ಮೇಲೆ ಸರಿಪಡಿಸಿಕೊಂಡು ಬಾಗಿಲ ಬಳಿ ಕುಳಿತರು. ಚಿತ್ರ ಮೂಡುವವರೆಗೂ ಅಂಗೈಯಲ್ಲಿ ಹಿಡಿದು ನೋಡಿದರು. ಆಮೇಲೆ ಪಾನ್‌ದಾನಿನ ತಳದಲ್ಲಿಟ್ಟರು.

ಎರಡು ವರ್ಷದ ನಂತರ ಅವರು ತೀರಿಕೊಂಡರು. ಪಾನ್‌ದಾನು ಶಿಡ್ಲಘಟ್ಟದ ಮಗಳಿಗೆ ಹೋಯಿತು, ಅದರೊಂದಿಗೆ ಚಿತ್ರವೂ ಹೋಯಿತು. ಒಬ್ಬ ಮಗ ಚಿಂತಾಮಣಿಯಲ್ಲಿ, ಇನ್ನೊಬ್ಬ ಗೌರಿಬಿದನೂರಿನಲ್ಲಿ. ಮೊಬೈಲಿನಲ್ಲಿ ಅದರದೊಂದು ಫೋಟೋ ತೆಗೆದು ಕಳಿಸೆಂದು ಇಬ್ಬರೂ ಕೇಳಿದರು. ಕ್ಷಣಮಾತ್ರದ ಕೆಲಸ. ಮಗಳು ಒಪ್ಪಲಿಲ್ಲ. "ಅಮ್ಮಿ ಕೊಟ್ಟಿದ್ದು ಒಂದಕ್ಕೆ ಮಾತ್ರ" ಎಂದಳು. ತಾಯಿಯ ಮುಖ ಗಂಡುಮಕ್ಕಳಿಗೆ ಬೇಡವೇ ಎಂದು ಅಣ್ಣಂದಿರು ಸಿಟ್ಟಾದರು. ತೆಗೆದವರು ನೀವು, ನೀವಾದರೂ ಹೇಳಿ ಎಂದು ನಮ್ಮಲ್ಲಿಗೂ ಬಂದರು. ಅವರ ದುಃಖ ಸುಳ್ಳಲ್ಲ. ಆ ಚಿತ್ರ ಒದ್ದೆಯಾಗಿಯೋ ಮಾಸಿಯೋ ಹೋದರೆ ಮತ್ತೊಂದಿಲ್ಲ ಎನ್ನುವುದೂ ನಿಜ. ಆದರೂ ಆಕೆ ಹೇಳಿದ್ದೇ ಸರಿಯೆಂದು ನಮಗೆ ತೋರಿತು, ಹಾಗೆಯೇ ಹೇಳಿದೆವು.

ಬೇಕಾದವರು ಮನೆಗೆ ಬಂದು ನೋಡಲಿ ಎಂದು ಮಗಳು ಹೇಳಿ ಕಳಿಸಿದಳು. ಚಿಂತಾಮಣಿಯ ಅಣ್ಣ ಒಂದು ಭಾನುವಾರ ಬಸ್ಸು ಹತ್ತಿ ಹೋಗಿ, ನೋಡಿ, ಊಟ ಮಾಡಿ ಬಂದ. ಗೌರಿಬಿದನೂರಿನವನು ಇನ್ನೂ ಹೋಗಿಲ್ಲ.