ಭಾಗಾಕಾರಕ್ಕೆ ಸಿಗದ ಕಾರು

ಕಿಟ್ಟಿನ ಪೆಟ್ಟಿಗೆಯ ಮೂಲೆಯಲ್ಲಿ ಸಣ್ಣಗೆ 1/24 ಎಂದು ಅಚ್ಚಾಗಿರುತ್ತದೆ. ನಿಜವಾದ ಕಾರಿನ ಒಂದು ಅಡಿ ಇಲ್ಲಿ ಅರ್ಧ ಅಂಗುಲ. ಅಡಿ-ಅಂಗುಲದಲ್ಲಿ ಯೋಚಿಸುವವರಿಗೆ ಒಗ್ಗುವ ಲೆಕ್ಕ. ನಾಲ್ಕೂಕಾಲು ಮೀಟರ್ ಉದ್ದದ ಕಾರು ಒಂದು ಅಂಗೈಯಷ್ಟಾಗುತ್ತದೆ. ನಮ್ಮ ಮನೆಗೆ ಬಂದವರು ಕಪಾಟಿನಲ್ಲಿರುವ ಕಾರುಗಳನ್ನು ನೋಡಿ, ದೊಡ್ಡದನ್ನು ಭಾಗಿಸಿದರೆ ಚಿಕ್ಕದು ಬರುತ್ತದೆ, ಉಳಿದದ್ದೆಲ್ಲ ತಾಳ್ಮೆ ಎಂದುಕೊಳ್ಳುತ್ತಾರೆ. ತಾಳ್ಮೆ ಬೇಕು, ನಿಜ. ಆದರೆ ವರ್ಷಗಟ್ಟಲೆ ಈ ಪ್ಲಾಸ್ಟಿಕ್ ತುಂಡುಗಳ ಜತೆ ಕೂತ ಮೇಲೆ ನನಗೆ ಖಚಿತವಾಗಿರುವುದು ಇಷ್ಟು: ಕಾರು ಭಾಗಾಕಾರಕ್ಕೆ ಸಿಗುವುದಿಲ್ಲ.

ಬಣ್ಣದಿಂದಲೇ ಶುರುಮಾಡುತ್ತೇನೆ. ಕಾರ್ಖಾನೆಯಿಂದ ಬಂದ ಕಾರಿನ ಮೈಮೇಲಿನ ಬಣ್ಣದ ದಪ್ಪ ಹೆಚ್ಚುಕಡಿಮೆ ಮಿಲಿಮೀಟರಿನ ಹತ್ತನೇ ಒಂದು ಭಾಗ. ಅದನ್ನು ಇಪ್ಪತ್ತನಾಲ್ಕರಿಂದ ಭಾಗಿಸಿದರೆ ನಾಲ್ಕೋ ಐದೋ ಮೈಕ್ರಾನ್ ಉಳಿಯುತ್ತದೆ. ಅಷ್ಟು ತೆಳುವಾಗಿ ಹೊಡೆದರೆ ಕೆಳಗಿನ ಪ್ಲಾಸ್ಟಿಕ್ ಇಣುಕುತ್ತದೆ. ಪ್ರೈಮರ್, ಬಣ್ಣ, ಅದರ ಮೇಲೆ ಕ್ಲಿಯರ್ ಕೋಟ್ ಎಂದು ಮುಗಿಸುವಷ್ಟರಲ್ಲಿ ಮಾದರಿಯ ಮೇಲೂ ಅದೇ ಹತ್ತನೇ ಒಂದು ಮಿಲಿಮೀಟರ್ ಕೂತಿರುತ್ತದೆ. ನಿಜದ ಕಾರಿನ ಅಳತೆಗೆ ಹಿಗ್ಗಿಸಿದರೆ ಅದು ಎರಡೂವರೆ ಮಿಲಿಮೀಟರ್ ದಪ್ಪದ ಗಾರೆ! ಬಾಗಿಲ ಸುತ್ತಲಿನ ಸಂದಿ ನಿಜದಲ್ಲಿ 5 ಮಿಲಿಮೀಟರ್ ಇದ್ದರೆ ಮಾದರಿಯಲ್ಲಿ 0.2. ಎರಡೂ ಅಂಚಿಗೆ ಬಣ್ಣ ಕೂತಿತೋ, ಸಂದಿ ಮಾಯ. ಹಾಗಾಗಿ ಬಣ್ಣಕ್ಕೆ ಕೈಹಾಕುವ ಮೊದಲೇ ಚೂಪು ಮೊನೆಯಿಂದ ಒಂದೊಂದು ಸಂದಿಯನ್ನೂ ಗೀರಿ ಆಳ ಮಾಡಬೇಕು. ಲೆಕ್ಕಕ್ಕೆ ಅದು ತಪ್ಪು, ಕಣ್ಣಿಗೆ ಸರಿ. ಮೆಟಾಲಿಕ್ ಬಣ್ಣದ ಕಥೆಯೂ ಹೀಗೆಯೇ. ಗ್ಯಾರೇಜಿನ ಡಬ್ಬಿಯಲ್ಲಿರುವ ಬೆಳ್ಳಿಬಣ್ಣದ ಕಣಗಳು ದೊಡ್ಡ ಕಾರಿನ ಮೇಲೆ ಮಿರುಗುತ್ತವೆ, ಅಂಗೈಯಗಲದ ಕಾರಿನ ಮೇಲೆ ಒರಟಾಗಿ ಎದ್ದು ಕಾಣುತ್ತವೆ.

ಮಳೆಗಾಲದಲ್ಲಿ ಇನ್ನೊಂದು ಕಷ್ಟ. ಲ್ಯಾಕರ್ ಬಣ್ಣದ ಥಿನ್ನರ್ ಥಟ್ಟನೆ ಆರುತ್ತದೆ. ಆರುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ತೇವ ಅದರ ಮೇಲೆ ಕೂತು ಬಿಳಿ ಮಂಜು ಕಟ್ಟುತ್ತದೆ. ನಮ್ಮ ಬಡಾವಣೆಯ ಗ್ಯಾರೇಜಿನ ಪೇಂಟರ್ ಒಬ್ಬರು ನನಗೆ ಇದನ್ನು ಒಂದೇ ಮಾತಲ್ಲಿ ಹೇಳಿದ್ದರು: “ಮೋಡ ಕವಿದಾಗ ಗನ್ ಮುಟ್ಟಬೇಡಿ ಸಾರ್.” ಅವರು ಹೊಡೆಯುವುದು ದೊಡ್ಡ ಕಾರಿಗೆ, ನಾನು ಹೊಡೆಯುವುದು ಚಿಕ್ಕದಕ್ಕೆ. ತೇವಕ್ಕೆ ಆ ಭೇದವಿಲ್ಲ. ಆಷಾಢ ಶ್ರಾವಣಗಳಲ್ಲಿ ನಾನು ಚಾಸಿ, ಸೀಟು, ಚಕ್ರಗಳ ಕೆಲಸ ಮಾಡಿಕೊಂಡಿರುತ್ತೇನೆ. ತುಂಡುಗಳನ್ನು ಚೌಕಟ್ಟಿನಿಂದ ಕತ್ತರಿಸಿ, ಅಚ್ಚಿನ ಗೆರೆಗಳನ್ನು ಉಪ್ಪುಕಾಗದದಲ್ಲಿ ಉಜ್ಜಿ, ಸಂದಿಗೆ ಸಿಮೆಂಟಿನ ಕುಂಚದ ತುದಿ ತಾಕಿಸುವುದು. ನೀರಿನಷ್ಟು ತೆಳುವಾದ ಆ ದ್ರಾವಕ ತಾನಾಗಿ ಒಳಹರಿದು ಎರಡೂ ಅಂಚಿನ ಪಾಲಿಸ್ಟೈರೀನನ್ನು ಕರಗಿಸಿ ಒಂದು ಮಾಡಿಬಿಡುತ್ತದೆ. ಆರಿದ ಮೇಲೆ ಅದು ಎರಡು ತುಂಡಲ್ಲ.

ಈ ಹವ್ಯಾಸದ ಒಂದು ಬೇರು ಅಮೆರಿಕದ ಡೆಟ್ರಾಯಿಟ್‌ನಲ್ಲಿದೆ. ಅಲ್ಲಿ 1948ರಲ್ಲಿ ಹುಟ್ಟಿದ ಎಎಂಟಿ ಕಂಪನಿ ಮೊದಲು ಮಾಡುತ್ತಿದ್ದದ್ದು ಕಾರು ಮಾರುವ ಡೀಲರುಗಳಿಗೆ ಬೇಕಾದ ಪುಟ್ಟ ಪ್ರಚಾರ ಮಾದರಿಗಳನ್ನು. ಮೊದಲಿನವು ಅಲ್ಯೂಮಿನಿಯಮ್ಮಿನವು, ಆಮೇಲಿನವು ಪ್ಲಾಸ್ಟಿಕ್. ಅವುಗಳ ಅಳತೆ 1/25. 1958ರಲ್ಲಿ ಅದೇ ಕಂಪನಿ ಬಿಡಿತುಂಡುಗಳ ಕಿಟ್ ಹೊರತಂದಿತು. ಒಂದೇ ಪೆಟ್ಟಿಗೆಯಲ್ಲಿ ಮೂರು ದಾರಿ: ಶೋರೂಮಿನಿಂದ ಬಂದಂತೆ ಕಟ್ಟಬಹುದು, ಮನಸ್ಸಿಗೆ ಬಂದಂತೆ ಬದಲಿಸಬಹುದು, ರೇಸಿನ ಕಾರು ಮಾಡಬಹುದು. ಹೊಸ ವರ್ಷದ ಕಾರು ಶೋರೂಮಿಗೆ ಬಂದಾಗ ಅದರ ಕಿಟ್ಟೂ ಬರುತ್ತಿತ್ತು. ಹುಡುಗರು ಅಪ್ಪನ ಕಾರನ್ನೇ ಮೇಜಿನ ಮೇಲೆ ಕಟ್ಟುತ್ತಿದ್ದ ಕಾಲ ಅದು.

ಅದಕ್ಕೊಂದು ಬೆಲೆಯೂ ತೆರಬೇಕಿತ್ತು. ಉಕ್ಕಿನ ಅಚ್ಚು ದುಬಾರಿ. ಮುಂದಿನ ವರ್ಷದ ಕಾರಿಗೆ ಗ್ರಿಲ್ ಬದಲಾದರೆ, ದೀಪ ಬದಲಾದರೆ, ಹಳೆಯ ಅಚ್ಚನ್ನೇ ತಿದ್ದಿ ಕೊರೆಯುತ್ತಿದ್ದರು. ಹಾಗೆ ತಿದ್ದಿದ ಮೇಲೆ ಹಿಂದಿನ ವರ್ಷದ ಕಾರು ಆ ಅಚ್ಚಿನಿಂದ ಮತ್ತೆ ಹುಟ್ಟಲಾರದು. ಹೊರಗಿರುವ ಪೆಟ್ಟಿಗೆಗಳಷ್ಟೇ ಉಳಿದವು. ಅರವತ್ತರ ದಶಕದ ಕೆಲವು ಕಿಟ್ಟುಗಳಿಗೆ ಸಂಗ್ರಾಹಕರು ಇಂದಿಗೂ ಮುಗಿಬೀಳುವುದಕ್ಕೆ ಇದೇ ಕಾರಣ. ಕಟ್ಟಿದ ಮಾದರಿಗಿಂತ ಸೀಲ್ ಒಡೆಯದ ಪೆಟ್ಟಿಗೆಗೇ ಬೆಲೆ ಹೆಚ್ಚು.

ಇದು ನನಗೆ ಒಪ್ಪಿಗೆಯಾಗದ ವಿಷಯ. ಪೆಟ್ಟಿಗೆಯನ್ನು ಮುಟ್ಟದೆ ಇಟ್ಟರೆ ಒಳಗಿರುವುದು ಹಾಗೆಯೇ ಇರುತ್ತದೆ ಎಂಬ ನಂಬಿಕೆ ಅದರ ಹಿಂದಿದೆ. ಆದರೆ ಅದು ಹಾಗೆಯೇ ಇರುವುದಿಲ್ಲ. ಮೆದು ವಿನೈಲ್ ಟೈರುಗಳಿಂದ ಒಸರುವ ಎಣ್ಣೆಯಂಥ ರಾಸಾಯನಿಕ ಪಕ್ಕದ ಪ್ಲಾಸ್ಟಿಕ್ಕನ್ನು ವರ್ಷಗಳಲ್ಲಿ ಮೆಲ್ಲಗೆ ತಿನ್ನುತ್ತದೆ; ಟೈರು ತಾಗಿದ ಗಾಜಿನ ಮೇಲೆ ಅದರ ಗುರುತು ಸುಟ್ಟಂತೆ ಮೂಡುತ್ತದೆ. ನೀರಿನಲ್ಲಿ ನೆನೆಸಿ ಅಂಟಿಸುವ ಡೆಕಾಲ್ ಹಳದಿಯಾಗುತ್ತದೆ. ಅದನ್ನು ಬಿಸಿಲು ಬೀಳುವ ಕಿಟಕಿ ಗಾಜಿಗೆ ಕೆಲವು ದಿನ ಅಂಟಿಸಿಟ್ಟರೆ ಹಳದಿ ಬಿಡುವುದುಂಟು, ನಮ್ಮ ಬಿಸಿಲಿಗೆ ಬೇಗ ಬಿಡುತ್ತದೆ. ನನ್ನಲ್ಲೂ ಕಟ್ಟದ ಕಿಟ್ಟುಗಳ ಅಟ್ಟಿಯಿದೆ. ಆದರೆ ಅವು ಸರದಿಯಲ್ಲಿ ನಿಂತವು. ಕಿಟ್ ಹುಟ್ಟಿರುವುದು ಕಟ್ಟಿಸಿಕೊಳ್ಳುವುದಕ್ಕೆ.

ಹಳೆಯ ಅಮೆರಿಕನ್ ಕಿಟ್ಟುಗಳಲ್ಲಿ ನನಗೆ ಪ್ರೀತಿ ಅವುಗಳ ಎಂಜಿನ್ ಮೇಲೆ. ಎಷ್ಟೋ ಹೊಸ ಕಿಟ್ಟುಗಳಲ್ಲಿ ಬಾನೆಟ್ ತೆರೆಯುವುದೇ ಇಲ್ಲ, ಒಳಗೆ ಬರಿದು. ಹೊರಮೈ ಮಾತ್ರ ಬೇಕೆನ್ನುವವರಿಗೆ ಅದು ಸಾಕು. ನನಗೆ ಸಾಲದು. ವಿ-8 ಎಂಜಿನ್ನಿನ ಡಿಸ್ಟ್ರಿಬ್ಯೂಟರಿಗೆ ಕೂದಲಿಗಿಂತ ತುಸು ದಪ್ಪದ ತಂತಿಗಳನ್ನು ಸಿಕ್ಕಿಸಿ ಎಂಟು ಪ್ಲಗ್ಗಿಗೂ ಎಳೆಯುವಾಗ, ಯಾವುದು ಎಲ್ಲಿಗೆ ಹೋಗಬೇಕೆಂದು ಗೊತ್ತಿರಬೇಕು. ಷೆವ್ರೊಲೆಯ ಹಳೆಯ ಸ್ಮಾಲ್ ಬ್ಲಾಕ್ ಎಂಜಿನ್ನಿನಲ್ಲಿ ಕಿಡಿ ಹಾರುವ ಕ್ರಮ 1-8-4-3-6-5-7-2. ಆ ಕ್ರಮದಲ್ಲೇ ತಂತಿ ಎಳೆಯುತ್ತೇನೆ. ಬಾನೆಟ್ ಮುಚ್ಚಿದರೆ ಯಾರಿಗೂ ಕಾಣುವುದಿಲ್ಲ, ತೆರೆದರೂ ಎಣಿಸುವವರಿಲ್ಲ. ಆದರೆ ಆ ಕ್ರಮವನ್ನು ಕೈಯಾರೆ ಎಳೆದ ದಿನ ಎಂಜಿನ್ ಹೇಗೆ ಸಮತೂಕದಲ್ಲಿ ಉಸಿರಾಡುತ್ತದೆಂಬುದು ನನಗೆ ಯಾವ ಪುಸ್ತಕದಿಂದಲೂ ತಿಳಿಯದಷ್ಟು ಚೆನ್ನಾಗಿ ತಿಳಿಯಿತು.

ಇನ್ನೊಂದು ಬೇರು ಜಪಾನಿನ ಶಿಜುವೊಕಾದಲ್ಲಿದೆ. ಮರಗೆಲಸಕ್ಕೆ ಹೆಸರಾದ ಊರು. ತಮಿಯಾ ಕಂಪನಿ 1946ರಲ್ಲಿ ಅಲ್ಲಿ ಮರದ ವ್ಯಾಪಾರವಾಗಿ ಆರಂಭವಾಗಿ, ಮರದ ಮಾದರಿಗಳನ್ನು ಮಾಡಿ, 1960ರಲ್ಲಿ ಪ್ಲಾಸ್ಟಿಕ್ಕಿಗೆ ಹೊರಳಿತು. ಅಯೊಶಿಮಾ ಕಂಪನಿಯ ಊರೂ ಅದೇ. ಇಂದು ಆ ನಗರದ ಬೀದಿಯಲ್ಲಿ ಅಂಚೆಪೆಟ್ಟಿಗೆ, ಟೆಲಿಫೋನುಗಳನ್ನೂ ಕಿಟ್ಟಿನ ಚೌಕಟ್ಟಿಗೆ ಅಂಟಿದ ಬಿಡಿಭಾಗಗಳಂತೆ ನಿಲ್ಲಿಸಿದ್ದಾರೆ. ತಮಿಯಾವನ್ನು ಬೆಳೆಸಿದ ಶುನ್ಸಾಕು ತಮಿಯಾ 2025ರಲ್ಲಿ ತೀರಿಕೊಂಡರು. 1976ರ ಪೋರ್ಷೆ 934ರ 1/12 ಕಿಟ್ಟಿಗಾಗಿ ಅವರು ನಿಜವಾದ ಪೋರ್ಷೆ 911 ಒಂದನ್ನು ಕೊಂಡು ಬಿಚ್ಚಿಸಿ ನೋಡಿದ್ದು ಈ ಲೋಕದಲ್ಲಿ ಎಲ್ಲರಿಗೂ ಗೊತ್ತಿರುವ ಸಂಗತಿ. ಅಷ್ಟು ಬಿಚ್ಚಿ ಅಳೆದವರೂ ಅಳತೆಯನ್ನು ಕಣ್ಣಿಗೆ ಒಪ್ಪಿಸದೆ ಬಿಡುವುದಿಲ್ಲ. ರಸ್ತೆಯಲ್ಲಿ ನಾವು ಕಾರನ್ನು ನಿಂತ ಎತ್ತರದಿಂದ ನೋಡುತ್ತೇವೆ, ಮೇಜಿನ ಮೇಲಿನ ಕಾರನ್ನು ಮೂರನೇ ಮಹಡಿಯಿಂದ ಇಣುಕಿದ ಹಾಗೆ ಮೇಲಿನಿಂದ. ಕರಾರುವಾಕ್ಕಾಗಿ ಭಾಗಿಸಿದ ಚಾವಣಿ ಆಗ ಅಗಲವಾಗಿ, ಉಬ್ಬಿದಂತೆ ಕಾಣಬಹುದು. ಅಚ್ಚು ಕೆತ್ತುವವರು ಅಲ್ಲಿ ಕೂದಲೆಳೆಯಷ್ಟು ಬಗ್ಗಿಸುತ್ತಾರೆ, ಇಲ್ಲಿ ಅಷ್ಟೇ ಎತ್ತುತ್ತಾರೆ. ಒಳ್ಳೆಯ ಕಿಟ್ಟಿಗೂ ಬರಿದೇ ಸರಿಯಾದ ಕಿಟ್ಟಿಗೂ ಇರುವ ವ್ಯತ್ಯಾಸ ಆ ಕೂದಲೆಳೆಯಲ್ಲಿದೆ.

ಈಗ ನಾನು ಕಟ್ಟುತ್ತಿರುವ ಕಾರಿಗೆ ಕಿಟ್ಟಿಲ್ಲ. ಅಂಬಾಸಿಡರ್. ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್‌ನ ಮೂರನೇ ಅವತಾರದಿಂದ ಹುಟ್ಟಿ, ಬಂಗಾಳದ ಉತ್ತರಪಾರಾದಲ್ಲಿ ಐವತ್ತು ವರ್ಷಕ್ಕೂ ಮೀರಿ ತಯಾರಾಗಿ, 2014ರಲ್ಲಿ ನಿಂತುಹೋದ ಕಾರು. ಅಂಗಡಿಗಳಲ್ಲಿ ಹಿಂದಕ್ಕೆಳೆದು ಬಿಟ್ಟರೆ ಓಡುವ ಆಟಿಕೆಯಾಗಿ ಸಿಗುತ್ತದೆ. ಬಿಡಿಬಿಡಿಯಾಗಿ ಕಟ್ಟುವ ಕಿಟ್ ನನ್ನ ಕಣ್ಣಿಗೆ ಬಿದ್ದಿಲ್ಲ. ಡೆಟ್ರಾಯಿಟ್‌ನ ಹುಡುಗರಿಗೆ ಅಪ್ಪನ ಕಾರು ಪೆಟ್ಟಿಗೆಯಲ್ಲಿ ಬಂತು. ಮಂತ್ರಿಯನ್ನೂ ಮದುಮಗಳನ್ನೂ ಹೊತ್ತು ಓಡಾಡಿದ ನಮ್ಮ ಕಾರಿಗೆ ಆ ಗೌರವ ಸಿಗಲಿಲ್ಲವೆಂಬ ನೋವು ನನಗಿದೆ. ಚಿಕ್ಕಪ್ಪನ ಹಳೆಯ ಗಾಡಿಯನ್ನು ಟೇಪು ಹಿಡಿದು ಅಳೆದುಕೊಂಡು ಬಂದು, ಸ್ಟೈರೀನ್ ಹಾಳೆಯಲ್ಲಿ ಒಂದೊಂದೇ ಭಾಗ ಕೊರೆಯುತ್ತಿದ್ದೇನೆ. ಚಕ್ರಗಳ ನಡುವಿನ ಅಂತರ 2464 ಮಿಲಿಮೀಟರ್, ಮಾದರಿಯಲ್ಲಿ 103ಕ್ಕೆ ತುಸು ಕಡಿಮೆ. ಸ್ಟಿಯರಿಂಗ್ ಪಕ್ಕದ ಗೇರ್ ಕಡ್ಡಿ, ಸೋಫಾದಷ್ಟು ಉದ್ದದ ಮುಂದಿನ ಸೀಟು ಆಗಿವೆ. ಹಿಂದಿನ ಕಿಟಕಿಯ ಪರದೆಗೆ ಯಾವ ಬಟ್ಟೆಯೂ ಈ ಅಳತೆಗೆ ಮಡಿಕೆ ಬೀಳುವುದಿಲ್ಲ. ಟಿಶ್ಯೂ ಕಾಗದಕ್ಕೆ ಅಂಟುನೀರು ಸವರಿ ಮಡಿಸಿದ್ದೇನೆ.

ಉಳಿದದ್ದು ಚಾವಣಿ. ಟೇಪು ಹೇಳಿದ ಹಾಗೆ ಕಟ್ಟಿದರೆ ಮೇಲಿನಿಂದ ನೋಡುವಾಗ ಬೋಗುಣಿ ಕವುಚಿಟ್ಟಂತಿದೆ. ಒಂದು ಮಿಲಿಮೀಟರ್ ತಗ್ಗಿಸಿದರೆ ಚೆಂದ ಕಾಣುತ್ತದೆ, ಆದರೆ ಅದು ನಾನು ಕಂಡ ಅಂಬಾಸಿಡರ್ ಅಲ್ಲ. ನಾನು ಕಂಡದ್ದು ಆರೇಳರ ವಯಸ್ಸಿನಲ್ಲಿ, ಮೂಗು ಕಿಟಕಿಯ ಅಂಚಿಗೆ ತಾಗುವ ಎತ್ತರದಿಂದ, ಚಾವಣಿ ತಲೆಯ ಮೇಲೆಲ್ಲೋ ಇರುವಾಗ. ಇಲ್ಲಿ ಬಗ್ಗಬೇಕಾದದ್ದು ಚಾವಣಿಯಲ್ಲ ಎಂದು ತೀರ್ಮಾನಿಸಿ ಅಳತೆಯನ್ನು ಹಾಗೆಯೇ ಉಳಿಸಿಕೊಂಡಿದ್ದೇನೆ. ನೆಲದಿಂದ ಒಂದು ಮೀಟರ್ ಮೇಲಿದ್ದ ಆ ಕಣ್ಣು 1/24ರಲ್ಲಿ ನಾಲ್ಕು ಸೆಂಟಿಮೀಟರ್ ಚಿಲ್ಲರೆ. ಕಪಾಟಿನ ಹಲಗೆ ಎದೆಯ ಮಟ್ಟಕ್ಕಿದ್ದರೆ ಚೆಂದ ಎಂದರು ಬಡಗಿ. ಗೋಡೆಗೆ ಬೆನ್ನು ಕೊಟ್ಟು ನಿಂತು, ನನ್ನ ಕಣ್ಣಿನಿಂದ ನಾಲ್ಕು ಸೆಂಟಿಮೀಟರ್ ಕೆಳಗೆ ಅವರಿಂದಲೇ ಪೆನ್ಸಿಲ್ ಗೆರೆ ಎಳೆಸಿದೆ. ಬರುವ ವಾರ ಹಲಗೆ ಹೊಡೆಯುತ್ತಾರೆ.